ಅಕ್ಕವ್ವನ ಬಿ.ಪಿ. ಮತ್ತು ಸಮುದ್ರದ ಸೊಪ್ಪು

ಕಣ್ಣಿನ ಪೊರೆ ತೆಗೆಯುವ ಶಿಬಿರಕ್ಕೆಂದು ಅಕ್ಕವ್ವ ಅದೇ ತಾಲೂಕಿನ ಅನಂತಪುರ ಹಳ್ಳಿಯಿಂದ ಅಥಣಿಗೆ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳು. ಸೊಸೆ ಉಜ್ವಲಾ ಜೊತೆಗಿದ್ದಳು. ತಲೆಗೆ ಎಣ್ಣೆ ಹಚ್ಚಬೇಡಿ ಅಂದಿದ್ದರು, ಹಚ್ಚಿರಲಿಲ್ಲ. ಬಳೆ ತೆಗೆದಿಟ್ಟು ಬನ್ನಿ ಅಂದಿದ್ದರು, ಎರಡು ಹಸಿರು ಬಳೆ ಬಿಟ್ಟು ಉಳಿದದ್ದೆಲ್ಲ ತೆಗೆದಿಟ್ಟಿದ್ದಳು. ಸಾಲು ಕರಗಿ ಅವಳ ಪಾಳಿ ಬಂದಾಗ ನರ್ಸಮ್ಮ ಕಣ್ಣು ನೋಡುವ ಬದಲು ತೋಳಿಗೆ ಪಟ್ಟಿ ಸುತ್ತಿದಳು. ಯಂತ್ರ ನೋಡಿದಳು. ಹತ್ತು ನಿಮಿಷ ಸುಮ್ಮನೆ ಕೂಡಿಸಿ ಮತ್ತೆ ಸುತ್ತಿದಳು, ಮತ್ತೆ ನೋಡಿದಳು.

"ಆಯಿ, ಇವತ್ತ ನಿಮ್ಮ ಆಪರೇಷನ್ ಆಗೂದಿಲ್ಲರಿ."

"ಯಾಕವಾ? ಮೋತಿಬಿಂದು ಹಣ್ಣಾಗೈತಿ ಅಂತ ನೀವ ಹೇಳಿದ್ರಲ್ಲ?"

"ಕಣ್ಣು ತಯಾರ ಐತ್ರಿ. ಬಿ.ಪಿ. ನೂರಾ ಎಂಬತ್ತು ಐತಿ. ಹಿಂಗಿದ್ದಾಗ ಡಾಕ್ಟರ್ ಮುಟ್ಟೂದಿಲ್ಲ. ಹದಿನೈದು ದಿನಕ್ಕ ಇನ್ನೊಂದು ಶಿಬಿರ ಐತಿ, ಅಷ್ಟರಾಗ ಇಳಿಸ್ಕೊಂಡು ಬರ್ರಿ. ಅದೂ ತಪ್ಪಿದ್ರ ಮತ್ತ ಮಳಿಗಾಲ ಮುಗಿದ ಮ್ಯಾಲ."

ಹೊರಗೆ ಬಂದು ಕಟ್ಟೆಯ ಮೇಲೆ ಕೂತ ಅಕ್ಕವ್ವ ಸೊಸೆಗೆ ಹೇಳಿದಳು: "ರೋಗ ಇದ್ದದ್ದು ಕಣ್ಣಾಗ, ಪಟ್ಟಿ ಸುತ್ತಿದ್ದು ತೋಳಿಗೆ, ಮನಿಗೆ ಕಳಿಸಿದ್ದು ಮಾತ್ರ ನನ್ನ ಪೂರಾ!"

ಉಜ್ವಲಾ ನಕ್ಕಳು. ಅಕ್ಕವ್ವ ನಗಲಿಲ್ಲ. ದ್ರಾಕ್ಷಿ ಒಣಗಿಸುವ ಕಾಲ ಇನ್ನೊಂದು ತಿಂಗಳಿಗೆ ಬರುವುದಿತ್ತು. ಇಪ್ಪತ್ತು ವರ್ಷದಿಂದ ಮನೆಯ ಒಣದ್ರಾಕ್ಷಿ, ಅವಳ ಮಾತಿನಲ್ಲಿ ಮನೂಕಿ, ಆರಿಸುವವಳು ಅವಳೇ. ಹಸಿರು, ಹಳದಿ, ಕಂದು ಎಂದು ಮೂರು ಗುಂಪು ಮಾಡುವುದರಲ್ಲಿ ಅವಳ ಕಣ್ಣಿನ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಹೋದ ವರ್ಷ ಅವಳ ಗುಂಪುಗಳನ್ನು ಸೊಸೆ ಸದ್ದಿಲ್ಲದೆ ಮತ್ತೆ ಆರಿಸಿದ್ದು ಅವಳಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಹೇಳಿರಲಿಲ್ಲ. ಈಚೆಗೆ ಅಂಗಳದಲ್ಲಿ ನಡೆದು ಬರುವವರು ಮನೆಯವರೋ ಪರರೋ ಎಂಬುದನ್ನೂ ಅವಳು ಕೆಮ್ಮಿನಿಂದಲೇ ತಿಳಿಯಬೇಕಾಗಿತ್ತು.

ಅವಳ ತಲೆಗೆ ಹತ್ತದಿದ್ದದ್ದು ಒಂದೇ. ಬಿ.ಪಿ. ಏರಿದ್ದಾದರೂ ಯಾಕೆ?

ಬಿ.ಪಿ.ಯ ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದಾಗಿನಿಂದ ಪಲ್ಯಕ್ಕೆ ಅರ್ಧ ಉಪ್ಪು, ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ಮಜ್ಜಿಗೆಗೆ ಒಂದು ಹರಳೂ ಇಲ್ಲ. ಅಷ್ಟೇ ಸಾಲದು ಎಂದು ಮೂರು ತಿಂಗಳಿಂದ ಸಮುದ್ರದ ಸೊಪ್ಪಿನ ಔಷಧ ಬೇರೆ. ಹೀಗಿದ್ದೂ ಇಳಿಯಬೇಕಾದದ್ದು ಏರುತ್ತದೆ ಎಂದರೆ ಏನು ಅರ್ಥ?

ಈ ಸೊಪ್ಪಿನ ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು.

ಅಕ್ಕವ್ವನ ಗಂಡ ರಾವಸಾಹೇಬರಿಗೆ ದ್ರಾಕ್ಷಿ ತೋಟದ ಕೆಳಗೆ ಎರಡು ಎಕರೆ ಕಬ್ಬಿನ ಹೊಲವಿತ್ತು. ನೀರು ಕಟ್ಟಿ ಕಟ್ಟಿ ಅದು ಸವಳಾಗಿಹೋಗಿತ್ತು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತಿತ್ತು, ಕಬ್ಬು ಮೊಳದುದ್ದ ಬೆಳೆದು ಅಲ್ಲೇ ನಿಲ್ಲುತ್ತಿತ್ತು. ಆ ಹೊಲಕ್ಕೆ ವರ್ಷಕ್ಕೊಮ್ಮೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವವನು ಮಾಳಸಿದ್ದ. ದೀಪಾವಳಿ ಮುಗಿದ ಮೇಲೆ ಅವನು ಹಿಂಡು ಹೊಡೆದುಕೊಂಡು ಘಟ್ಟ ಇಳಿದು ಕೊಂಕಣದ ಕಡೆ ಹೋಗುತ್ತಿದ್ದ, ಮಳೆಗಾಲದ ಮುಂಚೆ ತಿರುಗಿ ಬರುತ್ತಿದ್ದ. ಹಾಗೆ ಹೋದವನು ಹಿಂದಿನ ವರ್ಷ ಉಪ್ಪುನೀರಿನ ದಂಡೆಯಲ್ಲಿ ನೆಲಕ್ಕೆ ಹಬ್ಬಿದ ಒಂದು ಬಳ್ಳಿ ಕಂಡ. ನೋಡಲು ನಮ್ಮಲ್ಲಿ ಪಲ್ಯ ಮಾಡುವ ಗೋಳಿ ಸೊಪ್ಪಿನ ಹಾಗೆಯೇ. ದಪ್ಪ ಎಲೆ, ಕೆಂಪು ದಂಟು, ಗುಲಾಬಿ ಹೂವು. ಕುರಿಗಳು ಅದನ್ನು ಬಿಟ್ಟು ಏಳಲೊಲ್ಲವು. ಕುರಿ ಆಸೆಪಟ್ಟು ತಿಂದದ್ದು ಮನುಷ್ಯನಿಗೂ ಒಳ್ಳೆಯದೇ ಎಂದು ಅವನ ಲೆಕ್ಕ. ನಾಲ್ಕು ದಂಟು ಮುರಿದು ಒದ್ದೆ ಗೋಣಿಯಲ್ಲಿ ಸುತ್ತಿ ತಂದ, ರಾವಸಾಹೇಬರ ಸವಳು ಹೊಲದಲ್ಲಿ ಊರಿದ.

ಕಬ್ಬು ಒಲ್ಲೆನೆಂದ ಜಾಗದಲ್ಲಿ ಅದು ಕಂಬಳಿ ಹಾಸಿದ ಹಾಗೆ ಹಬ್ಬಿಬಿಟ್ಟಿತು.

ರಾವಸಾಹೇಬರ ಖುಷಿ ಕೇಳಬೇಡಿ. ಹೊಲದ ಬದುವಿನ ಮೇಲೆ ನಿಂತು ಹಾದುಹೋಗುವವರನ್ನೆಲ್ಲ ಕರೆದು ತೋರಿಸಿದರು. "ಕೃಷಿ ಇಲಾಖೆಯವ್ರನ್ನ ಕೇಳೀನಿ. ಇದು ಭೂಮ್ಯಾನ ಉಪ್ಪು ಜಗ್ಗತೈತಂತ. ಕೊಯ್ದು ಒಯ್ದಷ್ಟು ಹೊಲ ಹಗರ ಆಗತೈತಂತ." ಅದರ ಮೇಲೆ ಅವರ ಮೊಬೈಲಿಗೊಂದು ವಿಡಿಯೋ ಬಂತು. ಬಿಳಿ ಕೋಟು ತೊಟ್ಟವನೊಬ್ಬ ಮರಾಠಿಯಲ್ಲಿ, ಸಮುದ್ರದಂಡೆಯ ಉಪ್ಪುನೀರಿನ ಗಿಡಗಳಲ್ಲಿ ಬಿ.ಪಿ., ಶುಗರ್, ಗಂಟುನೋವು ಎಲ್ಲದಕ್ಕೂ ಔಷಧ ಸಿಕ್ಕಿದೆ, ವಿಜ್ಞಾನಿಗಳೇ ಹೇಳಿದ್ದಾರೆ, ದಿನಾ ಒಂದು ಲೋಟ ರಸ ಕುಡಿಯಿರಿ ಎಂದು ಹೇಳುತ್ತಿದ್ದ. ಮರುದಿನದಿಂದಲೇ ಅಕ್ಕವ್ವನ ಮಜ್ಜಿಗೆಯಲ್ಲಿ ಆ ಸೊಪ್ಪು ಅರೆದು ಕಲಸುವುದು ಶುರುವಾಯಿತು.

ಶಿಬಿರದಿಂದ ತಿರುಗಿ ಬಂದ ದಿನ ರಾವಸಾಹೇಬರು ಯೋಚನೆ ಮಾಡಿ ಹೇಳಿದರು: "ಒಂದು ಲೋಟ ಸಾಲವಲ್ದು. ಎರಡು ಕುಡಿ."

ಅಕ್ಕವ್ವ ಎರಡು ಕುಡಿದಳು. ಮುಂಜಾನೆ ಒಂದು, ಸಂಜೆ ಒಂದು.

ಏಳನೆಯ ದಿನ ಆಶಾ ಕಾರ್ಯಕರ್ತೆ ಕೋಮಲ ಮನೆಗೆ ಬಂದಳು. ಅದೇ ಊರಿನ ಮಗಳು, ಅದೇ ಊರಿನ ಸೊಸೆ. ಮಾತು ಕಡಿಮೆ, ಆದರೆ ಕಿವಿ ದೊಡ್ಡದು. ಚೀಲದಿಂದ ಯಂತ್ರ ತೆಗೆದು ಅಕ್ಕವ್ವನ ತೋಳಿಗೆ ಕಟ್ಟಿದಳು. ಯಂತ್ರ ಗುಂಯ್ ಎಂದಿತು. ನೂರಾ ತೊಂಬತ್ತೆರಡು.

"ಕಾಕು, ಏರೇತ್ರಿ!"

"ಮಿಷನ್ ಕೆಟ್ಟೈತಿ," ಎಂದರು ರಾವಸಾಹೇಬರು.

ಕೋಮಲ ಯಂತ್ರವನ್ನು ಉಜ್ವಲಾಳ ತೋಳಿಗೆ ಕಟ್ಟಿದಳು. ನೂರಾ ಹದಿನೆಂಟು. ರಾವಸಾಹೇಬರ ತೋಳಿಗೆ ಕಟ್ಟಿದಳು. ನೂರಾ ಮೂವತ್ತು. "ಮಿಷನ್ ಸುದ್ದ ಐತ್ರಿ ಕಾಕಾ."

ಅಕ್ಕವ್ವನಿಗೆ ಈಗ ಸೊಸೆಯ ಮೇಲೆಯೇ ಅನುಮಾನ ಬಂತು. "ಖರೇ ಹೇಳ ಉಜ್ವಲಾ. ಪಲ್ಯಾಕ ಕದ್ದು ಉಪ್ಪು ಹಾಕಾಕತ್ತೀಯೇನ? ನಿನ್ನ ಗಂಡಗ ಸಪ್ಪನ್ನ ಊಟ ಸೇರೂದಿಲ್ಲಂತ ನನಗ ಗೊತ್ತೈತಿ."

ಉಜ್ವಲಾಳ ಮುಖ ಕೆಂಪಾಯಿತು. "ಅತ್ಯಾರ, ಅವ್ರು ಮ್ಯಾಲ ಉದುರಿಸ್ಕೊಂಡು ಉಣತಾರ. ನಿಮ್ಮ ಪಲ್ಯ ಬ್ಯಾರೆ ಬೋಗಾಣ್ಯಾಗ ಮಾಡತೀನಿ. ಬರ್ರಿ, ಉಪ್ಪಿನ ಭರಣಿ ನೋಡ್ರಿ. ಯುಗಾದಿಗೆ ತುಂಬಿದ್ದು ಇನ್ನೂ ಅರ್ಧ ಐತಿ."

"ಕಣ್ಣು ಕಾಣಲಾರದಕಿಗೆ ಭರಣಿ ತೋರಸ್ತಾಳ ನೋಡು!"

"ಜಗಳ ಬ್ಯಾಡ್ರೆವ್ವಾ," ಎಂದರು ರಾವಸಾಹೇಬರು. "ನನಗ ತಿಳೀತು. ಎರಡು ಔಷಧ ಕೂಡಿ ಒಳಗ ಬಡದಾಡಾಕತ್ತಾವು. ಇಂಗ್ಲಿಷ್ ಗುಳಿಗಿ ಬಂದ್ ಮಾಡು. ಸೊಪ್ಪು ಒಂದ ಇರಲಿ."

ಅಕ್ಕವ್ವ ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತಳು. ಶಿಬಿರಕ್ಕೆ ಎಂಟು ದಿನ ಉಳಿದಿದ್ದವು. ಡಾಕ್ಟರು ಒಂದು ಹೇಳುತ್ತಾರೆ, ವಿಡಿಯೋ ಒಂದು ಹೇಳುತ್ತದೆ, ಗಂಡ ಒಂದು, ಯಂತ್ರ ಒಂದು. ಯಾರ ಮಾತು ಹಿಡಿಯುವುದು? ಗುಳಿಗೆ ಬಿಟ್ಟರೆ ಇಳಿದೀತೋ? ಬಿಡದಿದ್ದರೆ? ಅವಳ ತಲೆಯೊಳಗೆ ಸಂತೆ ನೆರೆದಂತಾಗಿತ್ತು.

"ಕೋಮಲ, ನೀನರ ಹೇಳವಾ."

ಕೋಮಲ ಸುಳ್ಳು ಧೈರ್ಯ ಹೇಳುವವಳಲ್ಲ. "ನನಗೂ ತಿಳೀವಲ್ದ್ರಿ ಕಾಕು. ಆದ್ರ ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಡಾಕ್ಟರಿಗೆ ಕೇಳೂಮಟಾ ಒಂದೂ ಬಿಡಬ್ಯಾಡ್ರಿ. ಆ ಸೊಪ್ಪು ಅಂದ್ರಲ್ಲ, ಅದೇನು?"

"ಮಜ್ಜಿಗ್ಯಾಗ ಐತಿ. ಉಜ್ವಲಾ, ಒಂದು ಲೋಟ ತಂದುಕೊಡು ಅಕಿಗೂ. ಬಿಸಲಾಗ ಬಂದಾಳ."

ಕೋಮಲ ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು. ಮತ್ತೆ ಎತ್ತಿ ಇನ್ನೊಂದು ಗುಟುಕು ಕುಡಿದಳು.

"ಇದಕ ಉಪ್ಪು ಹಾಕೀರಿ."

"ಹರಳೂ ಹಾಕಿಲ್ಲ!" ಎಂದಳು ಉಜ್ವಲಾ, ಅಳುವವಳ ಹಾಗೆ.

"ಅದು ಎಲಿ ರುಚಿ," ಎಂದಳು ಅಕ್ಕವ್ವ. "ಅದರಿಂದನ ಸಪ್ಪನ್ನ ಮಜ್ಜಿಗಿ ಗಂಟಲದಾಗ ಇಳಿಯಾಕತ್ತೈತಿ. ದೇವರು ಎಲಿಯೊಳಗ ಇಟ್ಟ ರುಚಿ ಅದು, ಭರಣ್ಯಾನ ಉಪ್ಪಲ್ಲ."

ಆ ಹೊತ್ತಿಗೆ ಸರಿಯಾಗಿ ಮಾಳಸಿದ್ದ ಸೊಪ್ಪಿನ ಹೊರೆ ಹೊತ್ತು ಅಂಗಳಕ್ಕೆ ಬಂದ. ಆ ವರ್ಷ ಹೆಂಡತಿಗೆ ಮೈಯಲ್ಲಿ ಆರಾಮಿಲ್ಲವೆಂದು ಅವನು ಘಟ್ಟ ಇಳಿದಿರಲಿಲ್ಲ. ಅಕ್ಕವ್ವನಿಗೆ ದಿನಾ ತಾಜಾ ಸೊಪ್ಪು ತಂದುಕೊಡುವುದು ಅವನೇ ಮೈಮೇಲೆ ಹಾಕಿಕೊಂಡ ಕೆಲಸ. "ಏನ್ರಿ ಅಕ್ಕಾರ, ಎಲ್ಲಾರೂ ಹಿಂಗ ಯಾಕ ಕುಂತೀರಿ? ಯಾರ ಮ್ಯಾಲ ಪಂಚಾಯ್ತಿ?"

"ನಿನ್ನ ಸೊಪ್ಪಿನ ಮ್ಯಾಲ," ಎಂದಳು ಅಕ್ಕವ್ವ.

ಕೋಮಲ ಅವನನ್ನು ಕೇಳಿದಳು: "ಮಾಳಸಿದ್ದ ಮಾಮಾ, ಕುರಿ ಇದನ್ನ ತಿಂದ ಮ್ಯಾಲ ಏನ ಮಾಡತಾವು?"

"ಏನ ಮಾಡತಾವು? ಸೀದಾ ನೀರಿಗೆ ಓಡತಾವು. ನಿಲ್ಲಿಸಿದ್ರ ನಿಲ್ಲೂದಿಲ್ಲ. ಬ್ಯಾರೆ ಮೇವು ತಿಂದಾಗ ಕುಡಿಯೂದರ ಎರಡರಷ್ಟು ಕುಡಿತಾವು. ಅದಕ್ಕ ನಾ ಬರೇ ಇದನ್ನ ಮೇಸೂದಿಲ್ಲ, ಜ್ವಾಳದ ಒಣ ಕಣಕಿ ಕೂಡಿಸಿ ಹಾಕತೀನಿ. ನೀರು ಹತ್ರ ಇಲ್ಲದ ಕಡೆ ಮುಟ್ಟಿಸೂದ ಇಲ್ಲ."

"ಯಾಕ ಅಷ್ಟು ನೀರು?"

"ಉಪ್ಪಿರ್ತೈತಲ್ಲವಾ ಎಲಿಯಾಗ. ಕುರಿಗೆ ಉಪ್ಪು ಅಂದ್ರ ಜೀಂವ..." ಎಂದವನು ಅಲ್ಲಿಗೇ ನಿಂತ. ಹೊರೆಯನ್ನು ಮೆಲ್ಲಗೆ ಕೆಳಗಿಳಿಸಿದ.

ಕೋಮಲ ರಾವಸಾಹೇಬರ ಕಡೆ ತಿರುಗಿದಳು. "ಕಾಕಾ, ಈ ಬಳ್ಳಿ ಭೂಮ್ಯಾನ ಉಪ್ಪು ಜಗ್ಗತೈತಿ ಅಂತ ಊರಿಗೆಲ್ಲ ಹೇಳೀರಿ. ನನಗೂ ಹೇಳೀರಿ. ಜಗ್ಗಿದ ಉಪ್ಪು ಎಲ್ಲಿ ಹೋಗತೈತ್ರಿ?"

ರಾವಸಾಹೇಬರು ಎಲೆಯಡಿಕೆ ಚೀಲಕ್ಕೆ ಕೈಹಾಕಿದರು. ಸುಣ್ಣದ ಡಬ್ಬಿ ತೆಗೆದರು, ಮತ್ತೆ ಒಳಗಿಟ್ಟರು. "ಎಲ್ಲಿ ಅಂದ್ರ... ಒಳಗ... ಬಳ್ಳಿಯೊಳಗ."

"ಬಳ್ಳಿ ಕೊಯ್ದು ಮಜ್ಜಿಗ್ಯಾಗ ಅರದ್ರ?"

ಉತ್ತರ ಕೊಟ್ಟವಳು ಅಕ್ಕವ್ವ. ಮೆಲ್ಲಗೆ, ಒಂದೊಂದೇ ಮಾತು ಎಣಿಸಿದ ಹಾಗೆ. "ಹೊಲದಾನ ಉಪ್ಪು ಎಲಿಗೆ ಬಂತು. ಎಲಿಯಾಂದು ಮಜ್ಜಿಗಿಗೆ ಬಂತು. ಮಜ್ಜಿಗ್ಯಾಂದು ನನ್ನ ಹೊಟ್ಟಿಗೆ ಬಂತು. ಎವ್ವಾ! ಎರಡು ಎಕರೆ ಸವಳು ನಾ ಕುಡಿಯಾಕತ್ತೀನೇನ?"

"ಹಂಗ ಹೆಂಗ ಅಂತಿ?" ರಾವಸಾಹೇಬರು ಇನ್ನೂ ಸೋಲಲು ತಯಾರಿರಲಿಲ್ಲ. "ಒಂದು ಹಿಡಿ ಸೊಪ್ಪಿನ್ಯಾಗ ಎಷ್ಟು ಉಪ್ಪು ಇದ್ದೀತು?"

ಉಜ್ವಲಾ ಎದ್ದಳು. ಮಾಳಸಿದ್ದನ ಹೊರೆಯಿಂದ ಎರಡು ಹಿಡಿ ಸೊಪ್ಪು ಒಳಗೊಯ್ದು ತೊಳೆದು, ಅರೆದು, ಹಿಂಡಿ, ಸೋಸಿ, ರಸವನ್ನು ಬಾಣಲೆಗೆ ಹಾಕಿ ಸಣ್ಣ ಉರಿಯ ಮೇಲೆ ಇಟ್ಟಳು. ರಸ ಕುದಿಯಿತು, ಬತ್ತಿತು. ಅತ್ತೆಯ ಕೈ ಹಿಡಿದು ಒಲೆಯ ಹತ್ತಿರ ಕರೆದೊಯ್ದು, ಬಾಣಲೆ ಆರಿದ ಮೇಲೆ ಅವಳ ಬೆರಳನ್ನೇ ತಳಕ್ಕೆ ತಾಗಿಸಿದಳು. ತಳದಲ್ಲಿ ಹಸಿರು ಮಿಶ್ರಿತ ಬಿಳಿ ಹೊಪ್ಪಳಿಕೆ. ಅಕ್ಕವ್ವ ಬೆರಳು ನಾಲಗೆಗೆ ಇಟ್ಟುಕೊಂಡಳು. ಮುಖ ಕಿವುಚಿದಳು. ಆ ಮುಖ ನೋಡಿದ ಮೇಲೆ ಯಾರೂ ರುಚಿ ಏನೆಂದು ಕೇಳಲಿಲ್ಲ.

"ನನ್ನ ಸೊಸಿ ಮ್ಯಾಲ ತಪ್ಪು ಹಾಕಿದೆನಲ್ಲೋ ಅಪ್ಪಾ," ಎಂದಳು. ಉಜ್ವಲಾಳ ಕೈಯನ್ನು ಬಿಡಲಿಲ್ಲ.

ಮಾಳಸಿದ್ದ ಹೊರೆಯ ಪಕ್ಕದಲ್ಲಿ ಕುಸಿದು ಕೂತಿದ್ದ. "ಅಕ್ಕಾರ, ನಾ ಚಲೋ ಆಗ್ಲಿ ಅಂತ ತಂದಿದ್ದೆ. ಆ ದೇವರ ಆಣಿ."

"ನಿನಗ್ಯಾರು ಬೈದಾರೋ? ಕುರಿಗೆ ಎಷ್ಟು ಕೊಡಬೇಕಂತ ನಿನಗ ತಿಳಿದೈತಿ. ನನಗ ಎಷ್ಟಂತ ನೀನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಕೋಮಲ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಮ್ಮನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ನಡೆದದ್ದೆಲ್ಲ ಹೇಳಿದಳು. ಆಚೆಯಿಂದ ಮೊದಲು ಒಂದು ನಿಟ್ಟುಸಿರು ಬಂತು. "ಸೊಪ್ಪು ಇವತ್ತಿನಿಂದಲೇ ನಿಲ್ಲಿಸಿ. ಮಾತ್ರೆ ನಿಲ್ಲಿಸಬೇಡಿ. ಈಗಲೇ ಕರೆದುಕೊಂಡು ಬನ್ನಿ, ಇಷ್ಟು ಬಿ.ಪಿ. ಇಟ್ಟುಕೊಂಡು ಮನೆಯಲ್ಲಿ ಕೂಡುವುದು ಬೇಡ. ಲಕ್ವಾ ಹೊಡೆದರೆ ಏನು ಮಾಡುತ್ತೀರಿ? ಅಲ್ಲಮ್ಮ ಅಕ್ಕವ್ವ, ಎರಡು ಸಲ ನನ್ನ ಹತ್ತಿರ ಬಂದಿದ್ದೀರಿ. ಬೇರೆ ಏನಾದರೂ ತೊಗೊಳ್ತೀರಾ ಅಂತ ಕೇಳಿದ್ದೆ. ಇಲ್ಲ ಅಂದಿರಿ."

"ಔಷಧ ಕೇಳಿದ್ರಿ ಅಂತ ತಿಳಿದೆ ಬಾಯಾರ. ಇದು ಪಲ್ಯದ ಸೊಪ್ಪು ಅಲ್ರಿ?"

"ಡಾಕ್ಟರಬಾಯಾರ," ರಾವಸಾಹೇಬರು ಫೋನಿನ ಹತ್ತಿರ ಬಾಗಿ ಕೇಳಿದರು, "ಹಂಗಾರ ಆ ವಿಡಿಯೋ ಪೂರಾ ಸುಳ್ಳರಿ? ವಿಜ್ಞಾನಿಗಳು ಹೇಳ್ಯಾರ ಅಂದಿದ್ನಲ್ರಿ?"

"ಪೂರಾ ಸುಳ್ಳಲ್ಲ. ಅದೇ ತೊಂದರೆ. ಉಪ್ಪುನೀರಿನಲ್ಲಿ ಬೆಳೆಯುವ ಗಿಡಗಳಲ್ಲಿ ಔಷಧದ ಗುಣ ಇರಬಹುದು ಅಂತ ಸಂಶೋಧನೆ ನಡೆದಿರುವುದು ನಿಜ. ಮುಂದೆ ಅದರಿಂದ ಒಳ್ಳೆ ಔಷಧ ಬಂದರೂ ಬರಬಹುದು. ಆದರೆ ಅದು ಇನ್ನೂ ಪ್ರಯೋಗಶಾಲೆಯಲ್ಲಿದೆ. ಅವರು ಎಲೆಯಿಂದ ಒಂದೊಂದೇ ಅಂಶ ಬೇರೆ ಮಾಡಿ, ಎಷ್ಟು ಕೊಟ್ಟರೆ ಒಳ್ಳೆಯದು, ಎಷ್ಟು ಕೊಟ್ಟರೆ ಅಪಾಯ ಅಂತ ನೋಡುತ್ತಿದ್ದಾರೆ. ಉಪ್ಪಿನ ಸಮೇತ ಅರೆದು ಕುಡಿಯಿರಿ ಅಂತ ಅವರು ಯಾರೂ ಹೇಳಿಲ್ಲ."

ಫೋನ್ ಇಟ್ಟ ಮೇಲೆಯೂ ಅಕ್ಕವ್ವನ ಗೊಂದಲ ಪೂರ್ತಿ ಹೋಗಲಿಲ್ಲ. ಹೊರಡಲು ಸೀರೆ ಸರಿಮಾಡಿಕೊಳ್ಳುತ್ತ ಕೇಳಿದಳು: "ಔಷಧ ಐತಿ ಅಂತಾರ, ಕುಡಿಬ್ಯಾಡ ಅಂತಾರ. ಇದ ಹೆಂಗ ಕೋಮಲ?"

ಕೋಮಲ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡಳು. "ಕಾಕು, ದ್ರಾಕ್ಷಿ ಬಳ್ಳಿಯಾಗ ಹೂವ ಕಂಡ ಕೂಡ್ಲೇ ನೀವು ಮನೂಕಿ ಡಬ್ಬಿ ತುಂಬತೀರೇನ್ರಿ?"

"ಹುಚ್ಚಿ! ಹೂವ ಕಾಯಾಗಬೇಕು, ಕಾಯಿ ಹಣ್ಣಾಗಬೇಕು, ಅದ್ದಬೇಕು, ಶೆಡ್ಡಿನ್ಯಾಗ ಒಣಗಬೇಕು, ತೊಟ್ಟು ಝಾಡಿಸಬೇಕು, ಆರಿಸಬೇಕು. ಅದರಾಗ ಅರ್ಧ ಒಗಿಯೂದ ಬರ್ತೈತಿ."

"ಆ ಸೊಪ್ಪಿನ ಔಷಧ ಇನ್ನೂ ಹೂವಿನ್ಯಾಗ ಐತ್ರಿ."

ಅಕ್ಕವ್ವ ತಲೆಯಾಡಿಸಿದಳು. ಗಂಡನ ಕಡೆ ತಿರುಗಿ, "ಕೇಳಿದ್ರ್ಯೋ? ಹೂವ ಅರದು ಕುಡಿಸಿದ್ರಿ ನನಗ," ಎಂದಳು. ರಾವಸಾಹೇಬರು ಗಾಡಿ ತೆಗೆಯುವ ನೆಪದಲ್ಲಿ ಅಂಗಳ ಬಿಟ್ಟರು.

ಅಂದೇ ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಾತ್ರೆಯನ್ನು ಬದಲಿಸಿ, ಎರಡು ತಾಸು ಅಲ್ಲಿಯೇ ಮಲಗಿಸಿ ಕಳಿಸಿದರು. ಕೋಮಲ ಒಂದು ದಿನ ಬಿಟ್ಟು ಒಂದು ದಿನ ಬಂದು ತೋಳಿಗೆ ಪಟ್ಟಿ ಕಟ್ಟಿದಳು. ನೂರಾ ಎಪ್ಪತ್ತು. ನೂರಾ ಐವತ್ತೆಂಟು. ನೂರಾ ನಲವತ್ನಾಲ್ಕು. ಪ್ರತಿ ಸಲವೂ ಅಕ್ಕವ್ವ ಉಸಿರು ಬಿಗಿಹಿಡಿದು ಕೂಡುತ್ತಿದ್ದಳು, ಕೋಮಲ "ಉಸುರು ಬಿಡ್ರಿ ಕಾಕು, ಇಲ್ಲಂದ್ರ ಅದಕ್ಕ ಏರತೈತಿ" ಎಂದು ಬೈಯುತ್ತಿದ್ದಳು. ಸವಳು ಹೊಲದ ಬಳ್ಳಿಯನ್ನು ಯಾರೂ ಕೀಳಲಿಲ್ಲ. ಅದು ತನ್ನ ಕೆಲಸ ಮಾಡುತ್ತಿತ್ತು. ಕೊಯ್ದದ್ದನ್ನು ಮಾಳಸಿದ್ದ ಕಣಿಕೆಯ ಜೊತೆ ಕುರಿಗೆ ಹಾಕಿ, ಬದಿಯಲ್ಲಿ ನೀರಿನ ಬಾನಿ ಇಡುತ್ತಿದ್ದ.

ಹದಿನೈದನೆಯ ದಿನ ಅಕ್ಕವ್ವ ಮತ್ತೆ ಶಿಬಿರದ ಸಾಲಿನಲ್ಲಿ ಕೂತಳು. ನರ್ಸಮ್ಮ ಪಟ್ಟಿ ಬಿಚ್ಚಿ, "ನೂರಾ ಮೂವತ್ತೆಂಟು. ಇವತ್ತ ಆಗತೈತ್ರಿ ಆಯಿ," ಎಂದಳು. ಆಮೇಲೆ ಕಾಗದ ನೋಡುತ್ತ ಕೇಳಿದಳು: "ಬ್ಯಾರೆ ಏನರ ಔಷಧ ತೊಗೋತೀರೇನ್ರಿ?"

ಇಲ್ಲ ಎಂದು ಹೇಳಿದರೆ ಮುಗಿಯುತ್ತಿತ್ತು. ಹಿಂದೆ ನಲವತ್ತು ಜನ ಕೂತಿದ್ದರು. ಅಕ್ಕವ್ವ ಗಂಟಲು ಸರಿಮಾಡಿಕೊಂಡಳು.

"ಈಗ ತೊಗೊಳಂಗಿಲ್ಲ ಬಾಯಾರ. ಆದ್ರ ಮೂರು ತಿಂಗಳು ಸಮುದ್ರದಂಡಿ ಸೊಪ್ಪು ಅರದು ಕುಡದೀನಿ. ಅದರಾಗ ಉಪ್ಪಿತ್ತು, ನನಗ ತಿಳೀಲಿಲ್ಲ. ಬರಕೋರಿ. ಡಾಕ್ಟರಿಗೂ ಗೊತ್ತಿರಲಿ."

ಸಾಲಿನಲ್ಲಿ ಯಾರೋ ನಕ್ಕರು. ಆದರೆ ಪಕ್ಕದಲ್ಲಿ ಕೂತಿದ್ದ ಕಾಗವಾಡ ಕಡೆಯ ಹೆಂಗಸೊಬ್ಬಳು ನಗಲಿಲ್ಲ. ಅಕ್ಕವ್ವನ ಕಿವಿಯ ಹತ್ತಿರ ಬಾಗಿ, ತನ್ನ ಕೈಚೀಲದ ಬಾಯಿ ಸ್ವಲ್ಪ ತೆರೆದಳು. ಒಳಗೆ ಕಂದು ಪುಡಿ ತುಂಬಿದ ಹಾರ್ಲಿಕ್ಸ್ ಬಾಟಲಿ.

"ಅಕ್ಕಾ, ನನ್ನ ತಮ್ಮ ಕೊಟ್ಟಾನ. ಶುಗರಿಗಂತ. ಯಾವ ಗಿಡದ್ದಂತ ಅವಗೂ ಗೊತ್ತಿಲ್ಲ. ಹೇಳಬೇಕಂತೀಯೇನ? ಬೈತಾರೇನೋ."

ಅಕ್ಕವ್ವನಿಗೆ ಬಾಟಲಿ ಸರಿಯಾಗಿ ಕಾಣಲಿಲ್ಲ. ದನಿಯಲ್ಲಿದ್ದ ಅಂಜಿಕೆ ಮಾತ್ರ ಚೆನ್ನಾಗಿ ಗುರುತಾಯಿತು.

"ಬೈಲಿ. ಬೈಸ್ಕೊಂಡು ಹೇಳು. ಬಾಟ್ಲಿ ಮ್ಯಾಲ ತಗಿ, ಅವ್ರ ಮೇಜಿನ ಮ್ಯಾಲ ಇಡು. ನಾ ಇಲ್ಲೇ ಕುಂತೀನಿ."

ಆ ಹೆಂಗಸು ಬಾಟಲಿಯನ್ನು ಹೊರತೆಗೆದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಮಾಡದಲ್ಲಿಯೂ ಇಂಥದೊಂದು ಬಾಟಲಿ, ಒಂದು ಪುಡಿ, ಒಂದು ಸೊಪ್ಪಿನ ಕಟ್ಟು ಇರಬಹುದು. ಪ್ರೀತಿಯಿಂದ ಕೊಟ್ಟವರೇ ಕೊಟ್ಟಿರಬಹುದು. ಗಿಡಮೂಲಿಕೆಗೆ ಗುಣವೇ ಇಲ್ಲವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಗುಣವಿರುವುದಕ್ಕೇ ಅಳತೆ ಬೇಕು. ಸಮುದ್ರದಂಡೆಯ ಗಿಡವಿರಲಿ, ಸವಳು ಹೊಲದ ಗಿಡವಿರಲಿ, ಉಪ್ಪುನೆಲದಲ್ಲಿ ಬೆಳೆದದ್ದರ ಎಲೆಯಲ್ಲಿ ಉಪ್ಪು ತುಂಬಿರಬಹುದು, ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ಔಷಧವೆಂದು ಕುಡಿಯಬೇಡಿ. 'ಸಂಶೋಧನೆ ನಡೆದಿದೆ' ಎಂಬ ಮಾತನ್ನು 'ಔಷಧ ಸಿಕ್ಕಿದೆ' ಎಂದು ಓದಿಕೊಳ್ಳಬೇಡಿ. ಮೊಬೈಲಿನ ಮಾತು ಕೇಳಿ ನಡೆಯುತ್ತಿರುವ ಮಾತ್ರೆಯನ್ನು ಬಿಡಬೇಡಿ. ಗೊಂದಲವಾಯಿತೋ, ನಾಚಿಕೆಪಡದೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಉಪಕೇಂದ್ರಕ್ಕೆ ಹೋಗಿ ಬಿ.ಪಿ. ನೋಡಿಸಿಕೊಳ್ಳಿ. ಡಾಕ್ಟರು "ಬೇರೆ ಏನಾದರೂ ತೊಗೊಳ್ತೀರಾ" ಎಂದು ಕೇಳಿದಾಗ ಪಲ್ಯವನ್ನೂ ಹೇಳಿ, ಪುಡಿಯನ್ನೂ ಹೇಳಿ, ಮಜ್ಜಿಗೆಯಲ್ಲಿ ಕಲಸಿದ್ದನ್ನೂ ಹೇಳಿ. ಅವರು ಕೇಳುವುದನ್ನು ಮರೆತರೆ, ನೀವೇ ಚೀಲ ಬಿಚ್ಚಿ ಮೇಜಿನ ಮೇಲಿಡಿ.